30 ಸೆಂಟಿಮೀಟರ್ ನೀರು: ಒಲೆಯ ಗ್ಯಾಸು, ಅದರ ಒತ್ತಡ, ಅದನ್ನು ಅಳೆದವರ ಕತೆ

ಸ್ವಲ್ಪ ಉದ್ದದ ಬರಹ, ಪುರುಸೊತ್ತಾದಾಗ ಓದಿ.

ಕೆಲವು ತಿಂಗಳಿಂದ ಹಟ್ಟಿಗಳಿಗೆ ಹೋದಾಗ ಒಂದು ಪ್ರಶ್ನೆ ಕೇಳ್ತಾ ಇದ್ದೀನಿ. "ಗ್ಯಾಸು ಜೋಡಿಸಿದ ದಿನ ಬಂದವನು ಒತ್ತಡ ನೋಡಿದ್ನಾ?" ಹೆಣ್ಣುಮಕ್ಕಳು ಮುಖ ಮುಖ ನೋಡ್ಕೋತಾರೆ. "ಒತ್ತಡ ಅಂದ್ರೆ? ಸಿಲಿಂಡರ್ ಇಳಿಸ್ದ, ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ, ಹೋದ" ಅಂತಾರೆ. ಒಬ್ಬ ಅಜ್ಜಿ ಮಾತ್ರ, "ಒತ್ತಡ ನಮಗೇ ಬೇಕಾದಷ್ಟದೆ ಬುಡಪ್ಪ, ಅದಕ್ಯಾಕೆ" ಅಂತ ನಕ್ಕರು. ಅಜ್ಜಿ ಮಾತಿಗೆ ನಾನೂ ನಕ್ಕೆ. ಆದರೆ ಇದು ನಗುವ ವಿಷಯ ಅಲ್ಲ. ಒಲೆಯ ಒತ್ತಡಕ್ಕೂ ಒಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಯಾರ ಮನೆಯನ್ನು ಅಳೆದರು, ಯಾರ ಮನೆಯನ್ನು ಬಿಟ್ಟರು ಅನ್ನೋದೂ ಇದೆ.

ಮೊದಲು ವಿಷಯ ತಿಳ್ಕೊಳ್ಳೋಣ. 14.2 ಕೆ.ಜಿ. ಸಿಲಿಂಡರಿನೊಳಗೆ ಗ್ಯಾಸು ದ್ರವವಾಗಿ ಕೂತಿರುತ್ತೆ. ಅದರ ಮೇಲಿರುವ ಆವಿಯ ಒತ್ತಡ ನಮ್ಮ ಹವಾಮಾನದಲ್ಲಿ ಒಂದು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 5ರಿಂದ 7 ಕೆ.ಜಿ. ಬಿಸಿಲು ಏರಿದರೆ ಅದೂ ಏರುತ್ತೆ. ಆದರೆ ಒಲೆಗೆ ಬೇಕಾದ್ದು ಬರೀ 30 ಗ್ರಾಂ. ಅಂದ್ರೆ ಸಿಲಿಂಡರಿನ ಬಾಯಲ್ಲಿ ಇರುವ ಒತ್ತಡವನ್ನು ಸುಮಾರು 200 ಪಟ್ಟು ಇಳಿಸಿ ಒಲೆಗೆ ಕಳಿಸಬೇಕು. ಅದನ್ನು ಮಾಡೋದು ಆ ಪುಟ್ಟ ರೆಗ್ಯುಲೇಟರು. ಅದರೊಳಗೆ ಒಂದು ರಬ್ಬರಿನ ಪೊರೆ, ಒಂದು ಸ್ಪ್ರಿಂಗು, ಒಂದು ಸಣ್ಣ ಬಾಗಿಲು, ಅಷ್ಟೇ. ಒಲೆ ಗ್ಯಾಸು ಎಳ್ಕೊಂಡ ಹಾಗೆ ಪೊರೆಯ ಕೆಳಗಿನ ಒತ್ತಡ ಇಳಿಯುತ್ತೆ, ಸ್ಪ್ರಿಂಗು ಪೊರೆಯನ್ನು ಅದುಮುತ್ತೆ, ಬಾಗಿಲು ತೆರೆಯುತ್ತೆ. ಒತ್ತಡ ಏರಿದರೆ ಪೊರೆ ಮೇಲೇಳುತ್ತೆ, ಬಾಗಿಲು ಮುಚ್ಚುತ್ತೆ. ಪೊರೆ ಹರಿದರೆ, ಸ್ಪ್ರಿಂಗು ಜಡ್ಡುಗಟ್ಟಿದರೆ, ಈ ಲೆಕ್ಕ ತಪ್ಪುತ್ತೆ.

ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ತೂಗುತ್ತೆ. ಹಾಗಾಗಿ 30 ಗ್ರಾಂ ಒತ್ತಡ ಅಂದ್ರೆ 30 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯುವಷ್ಟು ಒತ್ತಡ. ಶಾಲೆ ಮಕ್ಕಳ ಸ್ಕೇಲಿನ ಉದ್ದ. ನಮ್ಮ ಅವ್ವಂದಿರು ಊದುಗೊಳವೆಗೆ ಬಾಯಿಟ್ಟು, ಕಣ್ಣಲ್ಲಿ ನೀರು ಸುರಿಸ್ಕೊಂಡು, ಕೆನ್ನೆ ಉಬ್ಬಿಸಿ ಊದ್ತಿದ್ರಲ್ಲ, ಗಟ್ಟಿಮುಟ್ಟಾದವರು ದಮ್ಮು ಕಟ್ಟಿ ಊದಿದರೆ ಆ ಉಸಿರಿಗೂ ಇಷ್ಟು ನೀರನ್ನು ಎತ್ತುವ ತಾಕತ್ತಿದೆ. ಒಲೆಗೆ ಬೇಕಾದ್ದು ಒಬ್ಬ ಹೆಂಗಸಿನ ಉಸಿರಿನಷ್ಟು ಒತ್ತಡ.

ಗಾಳಿಯನ್ನು ನೀರಿನಿಂದ ಅಳೆಯುವ ವಿದ್ಯೆ ಎಲ್ಲಿಂದ ಬಂತು? ಪುಸ್ತಕಗಳು ಟಾರಿಚೆಲ್ಲಿ, ಬಾಯ್ಲ್ ಹೆಸರು ಹೇಳ್ತವೆ. ಸರಿ. ಆದರೆ ಅವರಿಗಿಂತ ಮುಂಚೆ ಇಟಲಿಯ ಬಾವಿ ತೋಡುವವರು, ಪಂಪು ಮಾಡುವವರು ಒಂದು ಮಾತು ತಿಳ್ಕೊಂಡಿದ್ರು. ಎಷ್ಟೇ ಎಳೆದರೂ ಹೀರುವ ಪಂಪು ಸುಮಾರು 10 ಮೀಟರಿಗಿಂತ ಮೇಲಕ್ಕೆ ನೀರು ತರಲ್ಲ ಅಂತ. ಗೆಲಿಲಿಯೋ ತನ್ನ 1638ರ ಪುಸ್ತಕದಲ್ಲಿ ಈ ಕೆಲಸಗಾರರ ಅನುಭವವನ್ನೇ ಬರೆದ. ಅದರ ಬೆನ್ನು ಹಿಡಿದು ಅವನ ಶಿಷ್ಯ ಟಾರಿಚೆಲ್ಲಿ 1640ರ ದಶಕದಲ್ಲಿ ಪಾದರಸದ ಕೊಳವೆಯಲ್ಲಿ ಗಾಳಿಯ ಭಾರ ತೋರಿಸಿದ. 1662ರಲ್ಲಿ ಬಾಯ್ಲ್ ಬಾಗಿದ ಗಾಜಿನ ಕೊಳವೆಯಲ್ಲಿ ಗಾಳಿಯನ್ನು ಅಮುಕಿದ ಲೆಕ್ಕ ಪ್ರಕಟಿಸಿದ. ಕೈ ಕೆಸರು ಮಾಡ್ಕೊಂಡವರು ಕಂಡದ್ದನ್ನು ಕೈ ತೊಳೆದವರು ಸೂತ್ರ ಮಾಡಿದ್ರು. ಇಂಥದು ನಮಗೆ ಹೊಸದಲ್ಲ. ಚರ್ಮ ಹದ ಮಾಡುವ ರಸಾಯನಶಾಸ್ತ್ರ ಯಾರ ಕೈಲಿತ್ತು ಅನ್ನೋದು ನಮಗೆ ಗೊತ್ತಿದೆ.

ಕಲ್ಲಿದ್ದಲಿನಿಂದ ಗ್ಯಾಸು ತೆಗೆದು ದೀಪ ಹಚ್ಚೋದು 1792ರಲ್ಲಿ ಇಂಗ್ಲೆಂಡಿನ ರೆಡ್‌ರುತ್ ಎಂಬ ಊರಿನ ಒಂದು ಮನೆಯಲ್ಲಿ ವಿಲಿಯಂ ಮುರ್ಡಾಕ್‌ನಿಂದ ಶುರುವಾಯ್ತು. 1812ರಲ್ಲಿ ಲಂಡನ್ನಿನಲ್ಲಿ ಗ್ಯಾಸ್ ಲೈಟ್ ಆಂಡ್ ಕೋಕ್ ಕಂಪನಿಗೆ ಸನ್ನದು ಸಿಕ್ತು. ಬೀದಿಯ ಕೊಳವೆಯಲ್ಲಿ ಎಷ್ಟು ಒತ್ತಡ ಇದೆ ಅಂತ ಅಳೆದದ್ದು ನೀರಿನಿಂದಲೇ, ಇಷ್ಟು ಅಂಗುಲ ನೀರು ಅಂತ. ಇವತ್ತಿಗೂ ಅಮೆರಿಕದ ಮೆಕ್ಯಾನಿಕ್‌ಗಳು ಅಂಗುಲ ನೀರು ಅಂತಲೇ ಮಾತಾಡ್ತಾರೆ. ದೀಪ ಮೊದಲು ಬಂತು, ಒಲೆ ಆಮೇಲೆ. ನಾರ್ಥಾಂಪ್ಟನ್ನಿನ ಜೇಮ್ಸ್ ಶಾರ್ಪ್ 1826ರಲ್ಲಿ ಗ್ಯಾಸ್ ಒಲೆಗೆ ಪೇಟೆಂಟ್ ಪಡೆದ. ಆದರೆ ಬಡವರ ಮನೆಗೆ ಅದು ಬಂದದ್ದು ಆ ಶತಮಾನದ ಕೊನೆಗೆ, ನಾಣ್ಯ ಹಾಕಿದಷ್ಟು ಹೊತ್ತು ಗ್ಯಾಸು ಕೊಡುವ ಮೀಟರು ಬಂದ ಮೇಲೆ. ಒಂದು ಪೆನ್ನಿ ಹಾಕು, ಒಂದು ಪೆನ್ನಿಯಷ್ಟು ಅನ್ನ ಬೇಯಿಸ್ಕೋ.

ಆ ಗ್ಯಾಸನ್ನು ಮಾಡಿದವರು ಯಾರು? ಲಂಡನ್ನಿನ ಪೂರ್ವ ಅಂಚಿನಲ್ಲಿ 1870ರಲ್ಲಿ ಬೆಕ್ಟನ್ ಎಂಬ ದೊಡ್ಡ ಗ್ಯಾಸ್ ಕಾರ್ಖಾನೆ ಶುರುವಾಯ್ತು. ಕೆಂಡ ಕಾರುವ ಕುಲುಮೆಗೆ ಕಲ್ಲಿದ್ದಲು ತುಂಬುವ ಕೆಲಸ, ದಿನಕ್ಕೆ 12 ಗಂಟೆ. ಅಲ್ಲಿ ವಿಲ್ ಥಾರ್ನ್ ಅಂತ ಒಬ್ಬ ಕುಲುಮೆ ಕೂಲಿ. 6 ವರ್ಷದ ಹುಡುಗ ಇದ್ದಾಗಲೇ ಹಗ್ಗ ಹೊಸೆಯುವ ಚಕ್ರ ತಿರುಗಿಸಲು ಹೋದವನು. ಅಕ್ಷರ ಸರಿಯಾಗಿ ಬರ್ತಿರಲಿಲ್ಲ. 1889ರಲ್ಲಿ ಅವನು ಗ್ಯಾಸ್ ಕೆಲಸಗಾರರ ಸಂಘ ಕಟ್ಟಿದ. ಅವನಿಗೆ ಓದು ಬರಹ ತಿದ್ದಿಸಿದವಳು ಎಲಿನಾರ್ ಮಾರ್ಕ್ಸ್, ಹೌದು, ಆ ಮಾರ್ಕ್ಸ್‌ನ ಮಗಳೇ. ಕೆಲವೇ ತಿಂಗಳಲ್ಲಿ, ಮುಷ್ಕರವನ್ನೂ ಹೂಡದೆ, 12 ಗಂಟೆ ಕೆಲಸ 8 ಗಂಟೆಗೆ ಇಳೀತು. ಅದೇ ವರ್ಷದ ಕೊನೆಗೆ ದಕ್ಷಿಣ ಲಂಡನ್ನಿನ ಕಂಪನಿಯೊಂದು ಸಂಘವನ್ನು ಮುರಿಯಿತು, ಅದೂ ನಿಜ. ಥಾರ್ನ್ 1906ರಲ್ಲಿ ಪಾರ್ಲಿಮೆಂಟಿಗೆ ಹೋದ. ನಮ್ಮಲ್ಲಿ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ಆಗ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡ್ತಿದ್ದವರು ಯಾರು ಅಂತ ನಾನು ಹೇಳಬೇಕಿಲ್ಲ.

ಬೆಕ್ಟನ್ನಿಗೆ ಹತ್ತಿರದಲ್ಲೇ ಕ್ಯಾನಿಂಗ್ ಟೌನ್ ಅಂತ ಒಂದು ಕಾರ್ಮಿಕರ ಬಡಾವಣೆ. ಅಲ್ಲಿ ಸ್ಥಳೀಯ ಸರ್ಕಾರ ಬಾಡಿಗೆಗೆ ಕೊಡಲು ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡ ಕಟ್ಟಿಸ್ತು. ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಇಸ್ಪೀಟೆಲೆ ಜೋಡಿಸಿದ ಹಾಗೆ ಜೋಡಿಸಿದ ಕಟ್ಟಡ. 1968ರ ಮೇ 16ರ ಬೆಳಗಿನ ಜಾವ 18ನೇ ಅಂತಸ್ತಿನಲ್ಲಿ ಒಬ್ಬ ಹೆಂಗಸು ಟೀ ಕಾಯಿಸಲು ಒಲೆಗೆ ಬೆಂಕಿಕಡ್ಡಿ ಗೀರಿದಳು. ರಾತ್ರಿಯೆಲ್ಲ ಸೋರಿ ತುಂಬಿದ್ದ ಗ್ಯಾಸು ಸ್ಫೋಟಿಸ್ತು. ಹೊರಗೋಡೆ ಕಿತ್ತು ಹೋಯ್ತು, ಅದರ ಮೇಲಿನ ಅಂತಸ್ತುಗಳು ಕುಸಿದವು, ಆ ಭಾರಕ್ಕೆ ಕೆಳಗಿನವೂ ಕುಸಿದವು. ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗೆ ಇಳಿದು ಹೋಯ್ತು. 4 ಜನ ಸತ್ತರು. ಕಡ್ಡಿ ಗೀರಿದ ಹೆಂಗಸು ಬದುಕಿದಳು.

ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಹಿತ್ತಾಳೆ ನಟ್ಟು. ಒಲೆಯ ಕೊಳವೆಯನ್ನು ಗ್ಯಾಸ್ ಪೈಪಿಗೆ ಸೇರಿಸುವ ನಟ್ಟು. ಗುಣಮಟ್ಟ ಇಲ್ಲದ್ದು, ಅಂಚು ತೆಳ್ಳಗೆ. ಒಲೆ ಜೋಡಿಸಿ ಕೊಟ್ಟವನು ಆ ಮನೆಯವಳ ಪರಿಚಯದವನೇ. ನಟ್ಟು ಒಳಗೇ ಮುರಿದಿತ್ತು. ಆದರೆ ಒಂದು ಪುಟ್ಟ ನಟ್ಟಿಗೆ 22 ಅಂತಸ್ತಿನ ಮೂಲೆ ಕುಸಿಯಬೇಕಾ? ವಿಚಾರಣೆಯಲ್ಲಿ ತಿಳಿದದ್ದು, ಆ ಗೋಡೆ ಕಿತ್ತು ಬರಲು ಅಂಥ ದೊಡ್ಡ ಒತ್ತಡವೇನೂ ಬೇಕಿರಲಿಲ್ಲ ಅಂತ. ಕಟ್ಟಡವನ್ನು ರಿಪೇರಿ ಮಾಡಿ ಮತ್ತೆ ಬಡವರಿಗೇ ಬಾಡಿಗೆಗೆ ಕೊಟ್ಟರು! ಸ್ಯಾಮ್ ವೆಬ್ ಎಂಬ ವಾಸ್ತುಶಿಲ್ಪಿ ವರ್ಷಗಟ್ಟಲೆ ಬೆನ್ನು ಬಿದ್ದು ಹೋರಾಡಿದ. 1986ರಲ್ಲಿ ಅದನ್ನು ಒಂದೊಂದೇ ಅಂತಸ್ತು ಬಿಚ್ಚಿ ನೋಡಿದಾಗ ಗೋಡೆಗಳ ಸಂದಿಯಲ್ಲಿ ಕಾಂಕ್ರೀಟ್ ಇರಬೇಕಾದ ಜಾಗದಲ್ಲಿ ಹಳೇ ಪೇಪರು ತುರುಕಿದ್ದು ಕಾಣಿಸ್ತು. ಆಶ್ರಯ ಮನೆಗಳ ಗೋಡೆ ಕೆರೆದು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಆದರೆ ಒಂದು ಒಳ್ಳೇದಾಯ್ತು. ಬ್ರಿಟನ್ನಿನಲ್ಲಿ 1970ರಲ್ಲಿ ಗ್ಯಾಸ್ ಜೋಡಿಸುವವರ ನೋಂದಣಿ ಸಂಸ್ಥೆ ಬಂತು, 1972ರಲ್ಲಿ ಗ್ಯಾಸ್ ಸುರಕ್ಷತಾ ನಿಯಮ ಬಂತು. ಜೋಡಿಸಿದ ಮೇಲೆ ಸೋರಿಕೆ ನೋಡು, ಒತ್ತಡ ನೋಡು ಅನ್ನೋದು ದಾಕ್ಷಿಣ್ಯದ ಮಾತಲ್ಲ, ಕಾನೂನು ಆಯ್ತು.

ಇನ್ನೊಂದು ಘಟನೆ ಹತ್ತಿರದ್ದು. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಲಾರೆನ್ಸ್ ಅಂತ ಗಿರಣಿಗಳ ಊರು. 1912ರಲ್ಲಿ ಅಲ್ಲಿಯ ಮಗ್ಗದ ಹೆಣ್ಣುಮಕ್ಕಳು ಹತ್ತಾರು ಭಾಷೆ ಮಾತಾಡ್ಕೊಂಡೇ ಒಂದಾಗಿ ಮುಷ್ಕರ ಹೂಡಿ ಗೆದ್ದಿದ್ರು. ರೊಟ್ಟಿ ಮತ್ತು ಗುಲಾಬಿ ಮುಷ್ಕರ ಅಂತ ಚರಿತ್ರೆಯಲ್ಲಿ ಹೆಸರು. ಈಗ ಅಲ್ಲಿ ಹೆಚ್ಚಿನವರು ಡೊಮಿನಿಕನ್ ಮತ್ತಿತರ ಲ್ಯಾಟಿನ್ ಮೂಲದ ವಲಸಿಗರು. 2018ರ ಸೆಪ್ಟೆಂಬರ್ 13ರ ಸಂಜೆ ಆ ಊರಲ್ಲಿ, ಪಕ್ಕದ ಆಂಡೋವರ್, ನಾರ್ತ್ ಆಂಡೋವರ್ ಊರುಗಳಲ್ಲಿ, ಒಂದರ ಹಿಂದೊಂದು ಮನೆಗಳು ಹೊತ್ತಿ ಉರಿದವು. ಒಲೆಯ ಜ್ವಾಲೆಗಳು ಇದ್ದಕ್ಕಿದ್ದಂತೆ ಆಳೆತ್ತರ ಎದ್ದವು.

ಆದದ್ದು ಇಷ್ಟು. ಅಲ್ಲಿ ಮನೆಗಳಿಗೆ ಹೋಗುವ ಕೊಳವೆಯ ಒತ್ತಡ ಸುಮಾರು 35 ಸೆಂಟಿಮೀಟರ್ ನೀರು. ಅದಕ್ಕೆ ಗ್ಯಾಸು ಕೊಡುವ ದೊಡ್ಡ ಕೊಳವೆಯಲ್ಲಿ 50 ಮೀಟರ್ ನೀರಿಗಿಂತ ಹೆಚ್ಚು. ನಡುವೆ ರೆಗ್ಯುಲೇಟರು, ನಮ್ಮನೆ ರೆಗ್ಯುಲೇಟರಿನ ದೊಡ್ಡಣ್ಣ. ಕೆಳಗೆ ಒತ್ತಡ ಎಷ್ಟಿದೆ ಅಂತ ಅದಕ್ಕೆ ತಿಳಿಸಲು ಒಂದು ಸಣ್ಣ ಕೊಳವೆ, ಅದರ ಕಿವಿ ಇದ್ದ ಹಾಗೆ. ಹಳೆಯ ಬೀಡುಕಬ್ಬಿಣದ ಪೈಪನ್ನು ಬದಲಾಯಿಸುವಾಗ ಈ ಕಿವಿಯನ್ನು ಹೊಸ ಪೈಪಿಗೆ ಕೂರಿಸೋದನ್ನು ಕೊಲಂಬಿಯಾ ಗ್ಯಾಸ್ ಕಂಪನಿಯ ಯೋಜನೆಯಲ್ಲಿ ಬಿಟ್ಟಿದ್ರು. ಕಿವಿ ಸತ್ತ ಪೈಪಿನಲ್ಲೇ ಉಳೀತು. ಸತ್ತ ಪೈಪಿನಲ್ಲಿ ಒತ್ತಡ ಇಳೀತಾ ಹೋಯ್ತು. ರೆಗ್ಯುಲೇಟರು 'ಮನೆಗಳಿಗೆ ಗ್ಯಾಸು ಸಾಲ್ತಿಲ್ಲ' ಅಂದ್ಕೊಂಡು ಬಾಗಿಲು ತೆರೀತಾ ಹೋಯ್ತು. 18 ವರ್ಷದ ಒಬ್ಬ ಹುಡುಗ ಸತ್ತ. ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಗಾಯ. ಸಾವಿರಾರು ಮನೆಗಳಿಗೆ ಚಳಿ ಶುರುವಾದ ಮೇಲೂ ಗ್ಯಾಸು ಇರಲಿಲ್ಲ. ಕಂಪನಿ 2020ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 5.3 ಕೋಟಿ ಡಾಲರ್ ದಂಡ ಕಟ್ಟಿತು. ಸತ್ತ ಪೈಪಿಗೆ ಕಿವಿ ಕೊಟ್ಟುಕೊಂಡು, ಊರಲ್ಲಿ ಏನಾಗ್ತಿದೆ ಅಂತ ತಿಳಿಯದೆ ಕೂತ ಆಡಳಿತವನ್ನು ನಾವೂ ಬೇಕಾದಷ್ಟು ನೋಡಿದ್ದೀವಿ, ಬಿಡಿ.

ನಮ್ಮ ಕಡೆಗೆ ಬರೋಣ. ಕಲ್ಕತ್ತಾ, ಬಾಂಬೆಗಳಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಕೊಳವೆ ಗ್ಯಾಸು ಬಂದಿತ್ತು. ಬೆಂಗಳೂರಿಗೆ ಆ ಕಾಲ ಬರಲೇ ಇಲ್ಲ. 1905ರಲ್ಲಿ ಬೀದಿ ದೀಪ ಸೀಮೆಎಣ್ಣೆಯಿಂದ ನೇರವಾಗಿ ಕರೆಂಟಿಗೆ ಹಾರಿತು. ಹಾಗಾಗಿ ನಮಗೆ ಗ್ಯಾಸು ಅಂದ್ರೆ ಸಿಲಿಂಡರು. 1950ರ ದಶಕದಲ್ಲಿ ಬರ್ಮಾ ಶೆಲ್ ಕಂಪನಿಯ ಬರ್ಷೇನ್, 1965ರಲ್ಲಿ ಇಂಡಿಯನ್ ಆಯಿಲ್‌ನ ಇಂಡೇನ್. 1976ರಲ್ಲಿ ಬರ್ಮಾ ಶೆಲ್ ರಾಷ್ಟ್ರೀಕರಣ ಆಗಿ ಮುಂದೆ ಭಾರತ್ ಪೆಟ್ರೋಲಿಯಂ ಆಯ್ತು. ಎಂಬತ್ತರ ದಶಕದಲ್ಲೂ ಗ್ಯಾಸ್ ಕನೆಕ್ಷನ್ನಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಎಂ.ಪಿ.ಗಳಿಗೆ ಕೋಟಾ ಇತ್ತು. ಗ್ಯಾಸ್ ಒಲೆ ಯಾರ ಮನೆಗೆ ಮೊದಲು ಹೋಯ್ತು ಅಂತ ಕೇಳಿದರೆ ಊರಿನ ಜಾತಿ ನಕ್ಷೆಯನ್ನೇ ಬಿಡಿಸಬಹುದು.

ಈ ಒಲೆಗೆ ಒಂದು ತೊಡಕಿತ್ತು. ರೇಡಿಯೋ ತಂದವನು ಪಡಸಾಲೆಯಲ್ಲಿ ಇಟ್ಟು ಹೋಗಬಹುದು. ಗ್ಯಾಸು ತಂದವನು ಅಡುಗೆಮನೆಗೆ ಹೋಗಲೇಬೇಕು. ಮಡಿ ಮೈಲಿಗೆಯ ಮನೆಗಳಲ್ಲಿ ದೇವರ ಕೋಣೆ ಬಿಟ್ಟರೆ ಅತಿ ಹೆಚ್ಚು ಕಾವಲಿರುವ ಜಾಗ ಅದು.

ನಮ್ಮ ಚಿಕ್ಕಪ್ಪ ಐ.ಟಿ.ಐ. ಫಿಟ್ಟರ್ ಓದಿದವರು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ತಾಲ್ಲೂಕು ಪಟ್ಟಣದ ಒಂದು ಏಜೆನ್ಸಿಯಲ್ಲಿ ಮೆಕ್ಯಾನಿಕ್ ಆದ್ರು. ಅವರ ಚೀಲದಲ್ಲಿ ಸ್ಪ್ಯಾನರು, ಸೋಪಿನ ಡಬ್ಬಿ, ಒಂದು ಹಲಗೆಗೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಕಟ್ಟಿದ ಪಾರದರ್ಶಕ ಟ್ಯೂಬು, ಪಕ್ಕದಲ್ಲಿ ಸ್ಕೇಲು. ಟ್ಯೂಬಿಗೆ ಅರ್ಧದವರೆಗೆ ನೀರು ಹಾಕಬೇಕು. ಒಂದು ತುದಿಯನ್ನು ಗ್ಯಾಸಿಗೆ ಸೇರಿಸಿದರೆ ಆ ಕಡೆ ನೀರು 15 ಸೆಂಟಿಮೀಟರ್ ಇಳಿದು, ಈ ಕಡೆ 15 ಏರುತ್ತೆ. ನಡುವಿನ ಅಂತರ 30. ಇಷ್ಟೇ ಯಂತ್ರ.

ಯಂತ್ರಕ್ಕೆ ನೀರು ಬೇಕಲ್ಲ. ಕೆಲಸ ಸೇರಿದ ಹೊಸತರಲ್ಲಿ ಚಿಕ್ಕಪ್ಪ ಮನೆಯವರನ್ನೇ ಒಂದು ಲೋಟ ನೀರು ಕೇಳ್ತಿದ್ರು. ನೀರಿನ ಜೊತೆಗೆ ಪ್ರಶ್ನೆ ಬರ್ತಿತ್ತು. "ಯಾವೂರಪ್ಪ? ಯಾರ ಪೈಕಿ?" ಉತ್ತರ ಹೇಳಿದ ಮೇಲೆ ಕೆಲವು ಮನೆಗಳಲ್ಲಿ ಲೋಟ ಬರ್ತಿರಲಿಲ್ಲ. ಒಂದು ಮನೆಯಲ್ಲಿ ತೆಂಗಿನ ಚಿಪ್ಪಿನಲ್ಲಿ ನೀರು ಬಂತಂತೆ. ಕುಡಿಯೋಕಲ್ಲ ಸ್ವಾಮಿ, ಗ್ಯಾಸು ಅಳೆಯೋಕೆ! ಆಮೇಲೆ ಚಿಕ್ಕಪ್ಪ ನೀರು ಕೇಳೋದನ್ನೇ ಬಿಟ್ರು. ಒಂದು ಕ್ವಾರ್ಟರ್ ಬಾಟ್ಲಿಯಲ್ಲಿ ತಮ್ಮದೇ ನೀರು ತಗೊಂಡು ಹೋಗೋಕೆ ಶುರು ಮಾಡಿದ್ರು. ಮಟ್ಟ ಚೆನ್ನಾಗಿ ಕಾಣ್ಲಿ ಅಂತ ಅದಕ್ಕೆ ನೀಲಿ ಶಾಯಿ ಹಾಕ್ತಿದ್ರು. ಬಾಟ್ಲಿ ನೋಡಿ "ಕುಡ್ಕೊಂಡು ಬಂದವ್ನೆ" ಅಂತ ಒಬ್ಬರು ಏಜೆನ್ಸಿಗೆ ದೂರು ಕೊಟ್ಟಿದ್ದೂ ಆಯ್ತು. ಮಾಲೀಕರ ಮುಂದೆ ಬಾಟ್ಲಿ ಇಟ್ಟು "ಮೂಸಿ ನೋಡಿ ಸಾರ್" ಅಂದ್ರಂತೆ. 1927ರ ಮಾರ್ಚ್ 20ಕ್ಕೆ ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿ 60 ವರ್ಷ ದಾಟಿದ ಮೇಲಿನ ಮಾತು ಇದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕೆಲವರು ಹಿತ್ತಲಲ್ಲೇ ಒಲೆ, ಸಿಲಿಂಡರ್ ಇಟ್ಟು "ಇಲ್ಲೇ ಜೋಡಿಸಿ ತೋರ್ಸಪ್ಪ, ಆಮೇಲೆ ನಾವೇ ಒಳಗೆ ತಗೊಂಡು ಹೋಗ್ತೀವಿ" ಅನ್ನೋರು. ಚಿಕ್ಕಪ್ಪ ಹಿತ್ತಲಲ್ಲಿ ಎಲ್ಲ ಅಳೆದು, 30 ಬಂತು ಅಂತ ಬರ್ಕೊಂಡು ಬರೋರು. ಆಮೇಲೆ ಮನೆಯವರು ಟ್ಯೂಬು ಕಿತ್ತು, ಒಳಗೆ ಒಯ್ದು, ತಾವೇ ಸಿಕ್ಕಿಸ್ಕೊಳ್ಳೋರು. ಆ ಅಳತೆಗೆ ಏನು ಬೆಲೆ? ಪರೀಕ್ಷೆ ಮಾಡಬೇಕಾದ್ದು ಒಲೆ ಕೂರುವ ಜಾಗದಲ್ಲಿ, ಕೊನೆಯ ಕೀಲು ಬಿಗಿದ ಮೇಲೆ. ರೋನನ್ ಪಾಯಿಂಟಿನಲ್ಲಿ ಬಿಟ್ಟುಕೊಂಡದ್ದೂ ಒಂದು ಕೀಲೇ. ಹೀಗೆ ಹಿತ್ತಲಲ್ಲಿ ಜೋಡಿಸಿದ ಒಂದು ಮನೆಯಲ್ಲಿ ವಾರದೊಳಗೆ ಟ್ಯೂಬಿನ ಬಾಯಿಗೆ ಬೆಂಕಿ ಹತ್ತಿಕೊಳ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಮಡಿ ಉಳೀತು, ಟ್ಯೂಬು ಸರಿಯಾಗಿ ಕೂರಲಿಲ್ಲ. ಬೈಸಿಕೊಂಡದ್ದು ಚಿಕ್ಕಪ್ಪ. ಅಸ್ಪೃಶ್ಯತೆ ಅದನ್ನು ಆಚರಿಸುವವರ ಮನೆಗೂ ಅಪಾಯ ಅಂತ ನಾವು ಭಾಷಣದಲ್ಲಿ ಹೇಳ್ತೀವಲ್ಲ, ಇದು ಅದರ ರಬ್ಬರ್ ಟ್ಯೂಬಿನ ಉದಾಹರಣೆ.

ಚಿಕ್ಕಪ್ಪ ನನಗೆ ಕಲಿಸಿದ ಪರೀಕ್ಷೆ ಹೀಗೆ. ಮೊದಲು ಬರ್ನರ್ ಎಲ್ಲ ಮುಚ್ಚಿ ಒತ್ತಡ ನೋಡೋದು. ಆಗ ಮಟ್ಟ ಸ್ವಲ್ಪ ಮೇಲೇ ನಿಲ್ಲುತ್ತೆ, ಅದು ಸಹಜ. ಆದರೆ ನಿಲ್ಲದೆ ನಿಧಾನಕ್ಕೆ ಏರ್ತಾನೇ ಹೋದರೆ ರೆಗ್ಯುಲೇಟರಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ. ಆಮೇಲೆ ಬರ್ನರ್ ಹೊತ್ತಿಸಿ ನೋಡೋದು, ನಿಜವಾದ ಅಳತೆ ಇದೇ. ಹೊತ್ತಿಸಿದ ಕೂಡಲೇ ನೀರು ದಡಕ್ಕನೆ ಇಳಿದರೆ ಎಲ್ಲೋ ಟ್ಯೂಬು ಮಡಚಿದೆ ಅಥವಾ ಕಸ ಕಟ್ಟಿದೆ. ಕೊನೆಗೆ ಸೋರಿಕೆ: ಗ್ಯಾಸು ತುಂಬಿಸಿ, ಸಿಲಿಂಡರ್ ಕಡೆ ಬಂದ್ ಮಾಡಿ, ಒಂದಷ್ಟು ನಿಮಿಷ ನೀರಿನ ಮಟ್ಟವನ್ನೇ ನೋಡ್ತಾ ಕೂರೋದು. ಮಟ್ಟ ಕದಲದಿದ್ದರೆ ಸೈ. ಕದಲಿದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತೆ ನೋಡಬೇಕು. ಕಡ್ಡಿ ಗೀರಿ ಹುಡುಕೋದು ಸಾವಿಗೆ ದಾರಿ.

ಒತ್ತಡ ಹೆಚ್ಚಾದರೆ ಜ್ವಾಲೆ ಬರ್ನರ್ ಬಿಟ್ಟು ಮೇಲೆ ಎಗರಿ ಬುಸ್ಸೆನ್ನುತ್ತೆ. ಕಡಿಮೆಯಾದರೆ ಜ್ವಾಲೆ ಕುಗ್ಗಿ ಒಳಗೇ ಹೊತ್ತಿಕೊಳ್ಳುತ್ತೆ. ಹಳದಿ ಜ್ವಾಲೆ, ಪಾತ್ರೆ ತಳಕ್ಕೆ ಮಸಿ ಅಂದ್ರೆ ಸರಿಯಾಗಿ ಉರೀತಿಲ್ಲ ಅಂತ. ಹೋಟೆಲಿನ ಹೈ ಪ್ರೆಷರ್ ರೆಗ್ಯುಲೇಟರನ್ನು ಮನೆ ಒಲೆಗೆ ಹಾಕೋದು ತೀರಾ ಅಪಾಯ. ಈಗ ಬೆಂಗಳೂರಿನಲ್ಲಿ ಪೈಪ್ ಗ್ಯಾಸಿಗೆ ಬದಲಾಗುವವರೂ ಕೇಳಿ. ಅದರ ಒತ್ತಡ ಸುಮಾರು 21 ಸೆಂಟಿಮೀಟರ್ ನೀರು, ಗ್ಯಾಸೂ ಬೇರೆ. ಒಲೆಯ ಜೆಟ್ಟಿನ ತೂತು ಬೇರೆ ಅಳತೆಯದ್ದೇ ಆಗಬೇಕು, ಮೊಳೆ ಹಾಕಿ ಅಗಲ ಮಾಡಿದರೆ ಆಗಲ್ಲ.

ಈಗ ಇವತ್ತಿನ ಮಾತು. 2016ರ ಮೇ 1ರಂದು ಬಲಿಯಾದಲ್ಲಿ ಉಜ್ವಲ ಯೋಜನೆ ಶುರುವಾಯ್ತು, 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಕನೆಕ್ಷನ್ ಆಯ್ತು. ನಮ್ಮ ರಾಜ್ಯದಲ್ಲಿ ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಅನಿಲ ಭಾಗ್ಯ ಬಂತು, ಒಲೆಯನ್ನೂ ಕೊಟ್ಟರು. ನಾನು ಇದನ್ನು ಹಳಿಯುವವನಲ್ಲ. ಹೊಗೆಯಲ್ಲಿ ಕಣ್ಣು ಕಳ್ಕೊಂಡ ಅವ್ವಂದಿರ ಮಗ ನಾನು. ಆದರೆ ಸಿ.ಎ.ಜಿ. 2019ರ ವರದಿಯಲ್ಲಿ ಏನು ಹೇಳ್ತು? 2018ರ ಕೊನೆಗೆ ಉಜ್ವಲ ಮನೆಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸ್ತಿದ್ವು. ಉಳಿದ ದಿನ? ಸೌದೆ ಒಲೆ. ಒಂದೇ ಕೋಣೆಯ ಮನೆಯಲ್ಲಿ ಈ ಕಡೆ ಸಿಲಿಂಡರ್, ಆ ಕಡೆ ನೆಲದ ಮೇಲೆ ಮೂರು ಕಲ್ಲಿನ ಬೆಂಕಿ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೆಲಕ್ಕಿಳಿದು ತೆವಳುತ್ತೆ. ನೇರ ಆ ಬೆಂಕಿಯ ಕಡೆಗೆ. ಎರಡು ಕೋಣೆ, ಗ್ರಾನೈಟ್ ಕಟ್ಟೆ ಇರುವ ಮನೆಗಿಂತ ಪರೀಕ್ಷೆ ಹೆಚ್ಚು ಬೇಕಾದದ್ದು ಈ ಮನೆಗೆ. ಆದರೆ ನಾನು ನೋಡಿದ ಹಲವು ಕೇರಿಗಳಲ್ಲಿ ಗಾಡಿ ಅರಳಿಕಟ್ಟೆ ಹತ್ತಿರವೇ ನಿಲ್ಲುತ್ತೆ. ಅಲ್ಲಿಂದ ತುಂಬಿದ 30 ಕೆ.ಜಿ. ಸಿಲಿಂಡರನ್ನು ಸೊಂಟದ ಮೇಲೆ ಹೊತ್ತು ತರೋದು ಹೆಂಗಸರು. ಅಂದು ಚಿಕ್ಕಪ್ಪನನ್ನು ಆ ಅಡುಗೆಮನೆಯೊಳಗೆ ಬಿಡಲಿಲ್ಲ. ಇಂದು ನಮ್ಮ ಅಡುಗೆಮನೆಯೊಳಗೆ ಯಾರೂ ಬರೋದಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸು ಸೋರಿ ಸ್ಫೋಟವಾಗಿ 300ರ ಹತ್ತಿರ ಜನ ಸತ್ತರು, ಬಹುಪಾಲು ಮಕ್ಕಳು. ಆಮೇಲೆ ಗ್ಯಾಸಿಗೆ ಮರ್ಕಾಪ್ಟಾನ್ ಎಂಬ ದುರ್ವಾಸನೆಯ ವಸ್ತು ಬೆರೆಸೋದು ಕಡ್ಡಾಯ ಆಗ್ತಾ ಬಂತು. ಮನುಷ್ಯರ ಮೂಗಿಗೆ ತಿಳಿಯಲಿ ಅಂತ. ಮ್ಯಾನ್‌ಹೋಲಿನ ಹೈಡ್ರೋಜನ್ ಸಲ್ಫೈಡ್ ಕತೆ ಉಲ್ಟಾ. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ ಇದೆ, ಆದರೆ ಪ್ರಮಾಣ ಹೆಚ್ಚಾದರೆ ಮೂಗನ್ನೇ ಸಾಯಿಸುತ್ತೆ. ವಾಸನೆ ನಿಂತಿತು ಅಂತ ಒಳಗಿಳಿದ ನಮ್ಮವರು ಮೇಲೆ ಬರಲ್ಲ. ಅದನ್ನು ಅಳೆಯುವ ಯಂತ್ರ ಅಂಗೈಯಲ್ಲಿ ಹಿಡಿಸುತ್ತೆ. 2013ರ ಕಾಯ್ದೆ ಇದೆ, 2014ರ ಮಾರ್ಚ್ 27ರ ಸುಪ್ರೀಂ ಕೋರ್ಟ್ ತೀರ್ಪಿದೆ, 2023ರಲ್ಲಿ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿದ ತೀರ್ಪೂ ಇದೆ. ಆದರೂ ಎಷ್ಟೋ ಕಡೆ ಗ್ಯಾಸು ಇದೆಯಾ ಅಂತ ನೋಡೋದು ಬೆಂಕಿಕಡ್ಡಿ ಗೀರಿ. ಬ್ರಿಟನ್ನಿನ ಅಡುಗೆಮನೆಯಲ್ಲಿ 50 ವರ್ಷದ ಹಿಂದೆ ಕಾನೂನಾದ ಪರೀಕ್ಷೆ ನಮ್ಮ ಮ್ಯಾನ್‌ಹೋಲಿನ ಬಾಯಿಗೆ ಇನ್ನೂ ಬಂದಿಲ್ಲ.

ಈಗ ಮಾಡಬೇಕಾದ್ದು. ಕೇರಿಯಲ್ಲಿ ಹೊಸ ಕನೆಕ್ಷನ್ ಬಂದರೆ, ಒಲೆ ಕೂರುವ ಜಾಗದಲ್ಲೇ ಜೋಡಿಸಿ, ಗೇಜಿನಲ್ಲಿ ಒತ್ತಡ ತೋರಿಸಿದ ಮೇಲೆ ಮಾತ್ರ ಸಹಿ ಹಾಕಿ. ಹಳೇ ಕನೆಕ್ಷನ್ ಆದರೆ 5 ವರ್ಷಕ್ಕೊಮ್ಮೆ ಏಜೆನ್ಸಿಯವರು ಬಂದು ತಪಾಸಣೆ ಮಾಡಬೇಕು. ಬರದಿದ್ದರೆ ಹತ್ತು ಮನೆಯವರು ಸೇರಿ ಒಂದೇ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು 5 ವರ್ಷಕ್ಕೆ ಬದಲಾಯಿಸಿ. ಸಿಲಿಂಡರಿನ ಕೊರಳ ಪಟ್ಟಿಯ ಒಳಬದಿ ನೋಡಿ, ಎ, ಬಿ, ಸಿ, ಡಿ ಯಾವುದೋ ಒಂದು ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಡಿ ಅಂದ್ರೆ ಅಕ್ಟೋಬರಿಂದ ಡಿಸೆಂಬರ್. ಆ ಗಡುವು ದಾಟಿದ ಸಿಲಿಂಡರನ್ನು ಗಾಡಿಯಿಂದ ಇಳಿಸಿಕೊಳ್ಳಲೇಬೇಡಿ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಸೌದೆ ಒಲೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು.

ಜೈಭೀಮ್.